ಪಾಠದ ನಡುವಣ ಕೂಸು

ತೊಟ್ಟಿಲು ತೂಗದವರು ತೊಟ್ಟಿಲಿನ ವಿಚಾರ ಬರೆಯಹೊರಡುವುದು ಎಷ್ಟರಮಟ್ಟಿಗೆ ಉಚಿತವೆಂದು ಸದ್ಭಕ್ತರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಮಠಕ್ಕೆ ಬಂದು ಮನೆಯ ಕಷ್ಟವನ್ನು ನಿವೇದಿಸಿಕೊಳ್ಳುವ ತಾಯಂದಿರಿಗೆ ನಾವು ಏನಾದರೊಂದು ಉತ್ತರ ಹೇಳಿ ಕಳುಹಿಸುತ್ತೇವೆ. ಹೇಳಿದ ಮೇಲೆ ಅದಕ್ಕೆ ಹೊಣೆಗಾರರೂ ಆಗುತ್ತೇವೆ. ಅಂತಹ ಒಂದು ಉತ್ತರ ತಪ್ಪಾಗಿತ್ತೆಂಬುದು ನಮಗೆ ತಡವಾಗಿ ಮನವರಿಕೆಯಾಯಿತು. ಈ ಲೇಖನ ಹುಟ್ಟಿದುದು ಆ ಕಾರಣದಿಂದ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ವ್ಯಾಧಿಯ ನಿಮಿತ್ತ ನಾಡಿನ ಶಾಲೆಗಳೆಲ್ಲ ಮುಚ್ಚಿದುದು ಎಲ್ಲರ ನೆನಪಿನಲ್ಲಿದೆ. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಹೊಸ್ತಿಲು ತುಳಿದುದು 2021ರ ಅಕ್ಟೋಬರ್ 25ರಂದು. ಅಂಗನವಾಡಿಗಳು ಬಾಗಿಲು ತೆರೆದುದು ನವೆಂಬರ್ 8ರಂದು. ಪಟ್ಟಣದ ಮಕ್ಕಳಿಗೆ ಮೊಬೈಲಿನಲ್ಲಿ ಪಾಠ ಬಂದಿತು. ನಮ್ಮ ಯಸಳೂರು ಸೀಮೆಯ ಮಲೆಗಳಲ್ಲಿ ಅದೂ ಸುಲಭವಾಗಿರಲಿಲ್ಲ. ಮನೆಗೊಂದೇ ಮೊಬೈಲು, ಅದು ತಂದೆಯ ಜೇಬಿನಲ್ಲಿ ತೋಟಕ್ಕೆ ಹೋಗಿ ಸಂಜೆ ಹಿಂದಿರುಗುವುದು. ಹಿಂದಿರುಗಿದರೂ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು. 2020ರ ಆಗಸ್ಟಿನಲ್ಲಿ ಸರ್ಕಾರವು ವಿದ್ಯಾಗಮವೆಂಬ ಯೋಜನೆ ತಂದು, ಉಪಾಧ್ಯಾಯರೇ ಊರೂರಿಗೆ ಬಂದು ದೇವಸ್ಥಾನದ ಜಗಲಿಗಳಲ್ಲಿ, ಮರದ ನೆರಳಿನಲ್ಲಿ ವಠಾರ ಶಾಲೆ ನಡೆಸಿದರು. ವ್ಯಾಧಿಯ ಭಯದಿಂದ ಅದೂ ಅಕ್ಟೋಬರ್ ತಿಂಗಳಲ್ಲಿ ತಾತ್ಕಾಲಿಕವಾಗಿ ನಿಂತಿತು. ಆ ಬಳಿಕ ಉಳಿದುದು ಮನೆ, ಮನೆಯ ಜಗಲಿ, ಮತ್ತು ಅಡಿಗೆಯ ನಡುವೆ ಮಗ್ಗಿ ಒಪ್ಪಿಸಿಕೊಳ್ಳುವ ತಾಯಿ.

ಕೊರೊನಾ ಹೋಯಿತು, ಇನ್ನೇಕೆ ಆ ಮಾತು ಎನ್ನಬಾರದು. ಆಷಾಢದ ಮಳೆ ಬಿಡದೆ ಹಿಡಿದು ಜಿಲ್ಲಾಡಳಿತವು ಶಾಲೆಗಳಿಗೆ ರಜೆ ಸಾರಿದ ದಿನ, ಕಾಡಾನೆಯ ಹಿಂಡು ರಸ್ತೆಗೆ ಇಳಿದಿದೆಯೆಂಬ ಸುದ್ದಿ ಬಂದ ದಿನ, ಸಕಲೇಶಪುರ ಆಲೂರುಗಳ ಕಡೆ ಈಗಲೂ ಮನೆಯೇ ಶಾಲೆಯಾಗುತ್ತದೆ.

ವಠಾರ ಶಾಲೆ ನಿಂತ ಆ ದಿನಗಳಲ್ಲಿ ಭಕ್ತರೊಬ್ಬರ ಮನೆಗೆ ಪೂಜೆಗೆ ಹೋಗಿದ್ದೆವು. ಏಳನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ, ಒಂದೂವರೆ ವರ್ಷದ ಗಂಡುಕೂಸು. ಪೂಜೆ ಮುಗಿದ ಮೇಲೆ ಆ ತಾಯಿ, “ದೊಡ್ಡವರಿಬ್ಬರಿಗೆ ಪಾಠ ಹೇಳೋಣ ಅಂತ ಕೂತ್ರೆ ಇವನು ಬಿಡಲ್ಲ ಬುದ್ಧಿ. ಪುಸ್ತಕ ಕಿತ್ಕೋತಾನೆ, ಸ್ಲೇಟು ಎಸೀತಾನೆ. ಇವನನ್ನ ಏನ್ ಮಾಡ್ಲಿ?” ಎಂದು ಕೇಳಿದರು. ನಮಗೆ ಮುಂದಿನ ಮನೆಗೆ ಹೊರಡುವ ಅವಸರ. “ದೊಡ್ಡವಳಿದ್ದಾಳಲ್ಲ ತಾಯಿ, ಅವಳು ಎತ್ತಿಕೊಳ್ಳಲಿ, ನೀವು ಹುಡುಗನಿಗೆ ಹೇಳಿಕೊಡಿ” ಎಂದುಬಿಟ್ಟೆವು. ಗುರುವಾಕ್ಯವೆಂದು ಅವರು ಅಕ್ಷರಶಃ ಪಾಲಿಸಿದರು.

ಮರುವರ್ಷ ಅದೇ ಮನೆಗೆ ಹೋದಾಗ ಹುಡುಗನು ನಮ್ಮೆದುರು ಹದಿನಾರರ ಮಗ್ಗಿಯನ್ನು ತಡವರಿಸದೆ ಒಪ್ಪಿಸಿದ. ಮಗಳು ನಡುಮನೆಯ ಬಾಗಿಲಿಗೆ ಒರಗಿ ಸೊಂಟದ ಮೇಲೆ ಕೂಸನ್ನು ಹೊತ್ತು ನಿಂತಿದ್ದಳು. ನೀನು ಯಾವ ಲೆಕ್ಕ ಮಾಡುತ್ತಿರುವೆ ಮಗಳೇ ಎಂದು ಕೇಳಿದೆವು. “ನಾನು ಬಿಟ್ಟೆ ಬುದ್ಧಿ, ಇವನು ಬೇರೆಯವರ ಹತ್ರ ಹೋಗಲ್ಲ” ಎಂದಳು. ದೂರಿನ ಧ್ವನಿ ಇರಲಿಲ್ಲ. ಮಳೆ ಬಂತು ಎಂದು ಹೇಳುವಂತೆ ಹೇಳಿದಳು.

ಈಗ ವಿಚಾರಕ್ಕೆ ಬರೋಣ. ಚಿಕ್ಕ ಕೂಸನ್ನು ಕುರಿತು ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ಮಾತುಗಳನ್ನು ಗಮನಿಸಿ. ಸುಮ್ಮನಿರಿಸು ಎನ್ನುತ್ತೇವೆ, ಮರೆಸು ಎನ್ನುತ್ತೇವೆ, ಏಮಾರಿಸು ಎನ್ನುತ್ತೇವೆ. ಮೊದಲನೆಯದಕ್ಕೆ ಮಗುವಿನ ಬಾಯಿ ಮುಚ್ಚಿದರೆ ಸಾಕು. ಎರಡನೆಯದಕ್ಕೆ ಅದು ತಾನು ಬಯಸಿದುದನ್ನು ಮರೆಯಬೇಕು. ಮೂರನೆಯದಂತೂ ಶುದ್ಧ ವಂಚನೆ. ಮಗು ಬಯಸಿದುದಾದರೂ ಏನು? ಅಕ್ಕ ಹಿಡಿದ ಪುಸ್ತಕವನ್ನೇ ಅದು ಏಕೆ ಕಿತ್ತುಕೊಳ್ಳುತ್ತದೆ, ಪಕ್ಕದಲ್ಲಿ ಬಿದ್ದಿರುವ ಬಣ್ಣದ ಗಿಲಕಿಯನ್ನೇಕೆ ಮುಟ್ಟುವುದಿಲ್ಲ? ಮನೆಯವರೆಲ್ಲರ ಮನಸ್ಸು ಎಲ್ಲಿ ನೆಟ್ಟಿದೆಯೋ ಅಲ್ಲಿಗೆ ಅದು ಹೋಗುತ್ತದೆ. ಪುಸ್ತಕ ಅದಕ್ಕೆ ಬೇಕಿಲ್ಲ. ಪುಸ್ತಕದ ಸುತ್ತ ಕುಳಿತ ಕೂಟದಲ್ಲಿ ತನಗೊಂದು ಸ್ಥಾನ ಬೇಕು.

ಆ ಸ್ಥಾನವನ್ನು ನಮ್ಮ ಧರ್ಮ ಅದಕ್ಕೆ ಆಗಲೇ ಕೊಟ್ಟಿದೆ ಎಂಬುದನ್ನು ಭಕ್ತರು ಯೋಚಿಸಬೇಕು. ವೀರಶೈವರಲ್ಲಿ ಜನಿಸಿದ ಶಿಶುವಿಗೆ ಗುರುಹಸ್ತದಿಂದ ಲಿಂಗಧಾರಣೆಯಾಗುವ ಸಂಪ್ರದಾಯವಿದೆ. ಮಗುವಿಗೆ ಆಗ ಮಾತಿಲ್ಲ, ಬುದ್ಧಿ ಬಲಿತಿಲ್ಲ, ಮಂತ್ರೋಚ್ಚಾರಣೆಯ ಶಕ್ತಿಯಿಲ್ಲ. ಓದು ಬರಹ ಕಲಿತ ಮೇಲೆ ಬಾ, ಲಿಂಗ ಕಟ್ಟುತ್ತೇವೆ ಎಂದು ನಾವು ಯಾವ ಕೂಸಿಗೂ ಹೇಳುವುದಿಲ್ಲ. ದೀಕ್ಷೆ ಮುಂದೆ ವಯಸ್ಸು ಬಂದಾಗ ಆಗುತ್ತದೆ. ಭಕ್ತನ ಸ್ಥಾನ ಮಾತ್ರ ಮೊದಲೇ ಸಂದಿರುತ್ತದೆ. ಹೀಗೆ ಒಂದು ಜೀವವನ್ನು ಶಿವಸ್ವರೂಪವೆಂದು ಒಪ್ಪಿಕೊಂಡ ಮನೆಯವರೇ ಒಂದೂವರೆ ವರ್ಷದ ಬಳಿಕ ಅದನ್ನು ಅಡ್ಡಿಯೆಂದು ಕರೆಯುವುದು ಹೇಗೆ ಸರಿ? ಜಂಗಮವೆಂದರೆ ಚಲಿಸುವುದು. ಆಗತಾನೇ ನಡಿಗೆ ಕಲಿತ ಕೂಸಿಗಿಂತ ಹೆಚ್ಚಾಗಿ ಚಲಿಸುವ ಜಂಗಮವನ್ನು ನಾವಂತೂ ಕಂಡಿಲ್ಲ. (ಇದನ್ನು ವಿನೋದವೆಂದು ತಿಳಿದರೂ ನಮ್ಮ ಆಕ್ಷೇಪವಿಲ್ಲ.)

ಪಾಶ್ಚಾತ್ಯರಲ್ಲಿ ಶಿಶುಶಿಕ್ಷಣದ ಒಂದು ದೊಡ್ಡ ಪ್ರಯೋಗ ಹುಟ್ಟಿದುದೇ ಇಂತಹ ‘ಅಡ್ಡಿ’ಯ ದೆಸೆಯಿಂದ. ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ಹೊಸದಾಗಿ ದುರಸ್ತಿಯಾದ ಕಟ್ಟಡಗಳಲ್ಲಿ, ತಂದೆತಾಯಿ ಕೂಲಿಗೆ ಹೋದ ಮೇಲೆ ಶಾಲೆಗೆ ಸೇರದ ಚಿಕ್ಕ ಮಕ್ಕಳು ಗೋಡೆ ಮೆಟ್ಟಿಲುಗಳನ್ನು ಕೆಡಿಸುತ್ತಿದ್ದರು. ಅವರನ್ನು ಒಂದೆಡೆ ಕೂಡಿಹಾಕಿದರೆ ಕಟ್ಟಡ ಉಳಿದೀತೆಂದು ಮಾಲೀಕರು ಒಂದು ಕೋಣೆ ಬಿಟ್ಟುಕೊಟ್ಟರು. 1907ರ ಜನವರಿ 6ರಂದು ಆ ಕೋಣೆಯನ್ನು ವಹಿಸಿಕೊಂಡವರು ವೈದ್ಯೆ ಮರಿಯಾ ಮಾಂಟೆಸೊರಿ. ಅವರು ಕಂಡುಕೊಂಡುದೇನೆಂದರೆ, ಮಕ್ಕಳಿಗೆ ಆಟಿಕೆಗಿಂತ ನಿಜವಾದ ಕೆಲಸವೇ ಪ್ರಿಯ: ನೀರು ಹೊಯ್ಯುವುದು, ಗುಡಿಸುವುದು, ಗುಂಡಿ ಹಾಕುವುದು, ಸಾಮಾನನ್ನು ಅದರದರ ಸ್ಥಳದಲ್ಲಿ ಇಡುವುದು. ಮುಂದೆ 1939ರಲ್ಲಿ ಅವರು ಭಾರತಕ್ಕೆ ಬಂದು 1946ರವರೆಗೆ ಇಲ್ಲಿಯೇ ಇದ್ದು ನಮ್ಮ ಉಪಾಧ್ಯಾಯರಿಗೆ ತರಬೇತಿ ಕೊಟ್ಟರು. ಕಾಯಕವೆಂಬ ಮಾತನ್ನು ಎಂಟು ನೂರು ವರ್ಷಗಳಿಂದ ಆಡುತ್ತ ಬಂದ ನಾವು, ಕಾಯಕಕ್ಕೆ ವಯಸ್ಸಿನ ಕೆಳಮಿತಿ ಇದೆಯೇ ಎಂದು ಕೇಳಿಕೊಂಡಿರಲಿಲ್ಲ.

ಆಲೂರಿನ ಕಡೆಯ ಒಂದು ಮನೆಯಲ್ಲಿ ನಾವು ಕಂಡುದನ್ನು ಇಲ್ಲಿ ಹೇಳಬೇಕು. ಆ ತಾಯಿ ಏಳನೆಯ ತರಗತಿ ಓದಿದವರು; ಮಾಂಟೆಸೊರಿಯ ಹೆಸರು ಕೇಳಿದವರಲ್ಲ. ಮಳೆಯ ರಜೆಯ ದಿನ ಮಗಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಅಟ್ಟದಲ್ಲಿದ್ದ ಹಳೆಯ ಸೇರು, ಅಚ್ಚೇರು, ಪಾವು, ಚಟಾಕುಗಳನ್ನು ಇಳಿಸಿ ತೊಳೆದು ಜಗಲಿಯ ಮೇಲಿಟ್ಟಿದ್ದರು. ನಾಲ್ಕು ಪಾವಿಗೆ ಸೇರು, ನಾಲ್ಕು ಚಟಾಕಿಗೆ ಪಾವು; ಹಾಗಾದರೆ ಚಟಾಕು ಸೇರಿನ ಎಷ್ಟನೆಯ ಪಾಲು? ಹುಡುಗಿ ಅಳೆದು ನೋಡಿ ಹದಿನಾರನೆಯ ಒಂದು ಪಾಲು ಎಂದು ಬರೆದುಕೊಂಡಳು. ಆಕೆಯ ಪಕ್ಕದಲ್ಲಿಯೇ ಎರಡು ವರ್ಷದ ತಮ್ಮ, ಗಿಂಡಿಯಲ್ಲಿನ ಸ್ವಲ್ಪ ನೀರನ್ನು ಪಾವಿಗೆ ಸುರಿದು, ಪಾವಿನಿಂದ ಅಚ್ಚೇರಿಗೆ ಸುರಿದು, ಅರ್ಧವನ್ನು ತನ್ನ ತೊಡೆಯ ಮೇಲೆಯೂ ಸುರಿದುಕೊಂಡು ಪರಮ ಗಂಭೀರನಾಗಿ ಕುಳಿತಿದ್ದ. ಅಕ್ಕನಿಗೆ ಪಾವು ಬೇಕಾದಾಗ “ಪಾವು ಕೊಡು ಪುಟ್ಟ” ಎಂದಳು. ಕೊಟ್ಟ. ಆ ಮನೆಯಲ್ಲಿ ಅವನು ಸುಮ್ಮನಿರಲಿಲ್ಲ, ಏಮಾರಿಯೂ ಇರಲಿಲ್ಲ. ಪಾವು ಎತ್ತಿಕೊಡುವುದು ಆ ಪಾಠದಲ್ಲಿ ಅವನ ಪಾಲಿನ ಕೆಲಸವಾಗಿತ್ತು. ಕಾಳಿನ ಬದಲು ನೀರನ್ನೇಕೆ ಕೊಟ್ಟಿರಿ ಎಂದು ಕೇಳಿದ್ದಕ್ಕೆ, ಹುರುಳಿಯೋ ಕಾಫಿಬೀಜವೋ ಕೊಟ್ಟರೆ ಮೂಗಿಗೆ ಗಂಟಲಿಗೆ ಹೋದೀತು, ನೀರಾದರೂ ತಂಬಿಗೆಯಷ್ಟೇ, ಅದೂ ಕಣ್ಣೆದುರಿಗೇ, ಎಂದರು ಆ ತಾಯಿ. ನಮಗೆ ಹೊಳೆಯದ ಮಾತು.

ಕೇಳುತ್ತ ಕುಳಿತರೂ ಕಲಿಯುವುದುಂಟು ಎಂಬುದಕ್ಕೆ ಮಠದಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳೇ ಸಾಕ್ಷಿ. ನಾವು ವಟುವಾಗಿ ಪಾಠಶಾಲೆಯಲ್ಲಿದ್ದಾಗ ನಮ್ಮೆಲ್ಲರಿಗಿಂತ ಕಿರಿಯನೊಬ್ಬನಿದ್ದ, ಆರು ವರ್ಷವಿರಬಹುದು. ಅವನನ್ನು ಇನ್ನೂ ಪಾಠಕ್ಕೆ ಕೂರಿಸಿರಲಿಲ್ಲ. ಪೂಜೆಯ ಬಿಲ್ವಪತ್ರೆಯನ್ನು ಆಯುವುದು ಅವನ ಕೆಲಸ. ಒಂದು ದಿನ ನಮ್ಮಲ್ಲೊಬ್ಬ ಅಮರಕೋಶವನ್ನು ಒಪ್ಪಿಸುತ್ತ ಶ್ಲೋಕದ ನಡುವೆ ತಡೆದು ನಿಂತ. ಬುಟ್ಟಿಯಿಂದ ತಲೆಯೆತ್ತದೆ ಆ ಕಿರಿಯ ಮುಂದಿನ ಪಾದವನ್ನು ಹೇಳಿದ. ಶಾಸ್ತ್ರಿಗಳು ನಕ್ಕರು, ತಡೆದವನಿಗೆ ಬೆತ್ತ ಬಿತ್ತು. ತಡೆದವರು ಯಾರೆಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಬಾರ್ಬರಾ ರೊಗೋಫ್ ಮತ್ತು ಅವರ ಸಹಸಂಶೋಧಕಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವೂ ಇದನ್ನೇ ಬೇರೆ ದಾರಿಯಿಂದ ತೋರಿಸಿದೆ. ಒಂದು ಮಗುವಿಗೆ ಆಟಿಕೆ ಮಾಡುವುದನ್ನು ಕಲಿಸುತ್ತಿರುವಾಗ ಪಕ್ಕದಲ್ಲಿ ಕಾದು ಕುಳಿತ ಒಡಹುಟ್ಟಿದ ಮಗು ಏನು ಮಾಡುತ್ತದೆ ಎಂದು ಅವರು ಪರೀಕ್ಷಿಸಿದರು. ದೊಡ್ಡವರ ಕೆಲಸದ ನಡುವೆಯೇ ಬೆಳೆಯುವ ಗ್ವಾಟೆಮಾಲದ ಮಾಯಾ ಜನಾಂಗದ ಮಕ್ಕಳು ತಮಗಲ್ಲದ ಆ ಪಾಠವನ್ನೂ ಗಮನವಿಟ್ಟು ನೋಡಿ ನೆನಪಿಟ್ಟುಕೊಂಡಿದ್ದರು. ಅಮೆರಿಕದ ಮಧ್ಯಮವರ್ಗದ ಮಕ್ಕಳಲ್ಲಿ ಆ ಗಮನ ಕಡಿಮೆಯಿತ್ತು. ಅವರು ಕೂಸುಗಳಲ್ಲ, ಐದು ವರ್ಷ ಮೀರಿದವರು. ಆದರೂ ಇಂತಹ ಗಮನದ ಅಭ್ಯಾಸಕ್ಕೆ ಬೀಜ ಬೀಳುವುದು ಅದಕ್ಕೂ ಮುಂಚೆಯೇ ಎಂದು ನಮಗೆ ತೋರುತ್ತದೆ.

ಇಷ್ಟು ಹೇಳಿ ಮುಗಿಸಿದರೆ ಗೃಹಿಣಿಯರು ನಕ್ಕಾರು. ಪಾವು ಸೇರಿನ ಆಟ ಎಷ್ಟು ಹೊತ್ತು? ಹೆಚ್ಚೆಂದರೆ ಕಾಲು ಗಂಟೆ. ಅನಂತರ ಕೂಸಿಗೆ ಹಸಿವು, ನಿದ್ದೆ, ಹಟ. ದೊಡ್ಡ ಭಾಗಾಕಾರವನ್ನೋ ವ್ಯಾಕರಣವನ್ನೋ ಕಲಿಯುವ ಹುಡುಗಿಗೆ ಅರ್ಧ ಗಂಟೆಯಾದರೂ ತಡೆಯಿಲ್ಲದ ಏಕಾಗ್ರತೆ ಬೇಕು. ಆಗ ಕೂಸನ್ನು ಯಾರಾದರೂ ಎತ್ತಿಕೊಳ್ಳಲೇಬೇಕು. ಧರ್ಮಸೂಕ್ಷ್ಮವಿರುವುದು ಇಲ್ಲಿ: ಎತ್ತಿಕೊಳ್ಳುವವರು ಯಾರು?

ಕಾನೂನು ಈ ಪ್ರಶ್ನೆಯ ಅಂಚನ್ನು ಮುಟ್ಟಿ ಬಂದಿದೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ, ಐವತ್ತು ಮಂದಿ ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು ವಿಧಿಸಿತು. ನಮ್ಮ ಭಾಗದ ಬಹುಪಾಲು ಕಾಫಿ ತೋಟಗಳು ಸಣ್ಣ ಹಿಡುವಳಿಗಳು. ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಸಂವಿಧಾನವು ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಹೇಳಿರುವುದು ಆರರಿಂದ ಹದಿನಾಲ್ಕು ವರ್ಷದವರಿಗೆ. ಆರರ ಕೆಳಗಿನವರಿಗಾಗಿ ರಾಜ್ಯವು ಪ್ರಯತ್ನಿಸತಕ್ಕದ್ದು ಎಂದಷ್ಟೇ ಇದೆ. ಕೂಸಿನ ಪಾಲಿಗೆ ಯಾರೂ ಇಲ್ಲದಾಗ ಅಕ್ಕನ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಇದನ್ನು ಸ್ಪಷ್ಟವಾಗಿ ಕಂಡವರು ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಲ್ಲಿ ಬೋರ್ಡಿಯಲ್ಲಿ ಕೆಲಸ ಆರಂಭಿಸಿ ಮುಂದೆ ಕೋಸಬಾಡದ ಗುಡ್ಡದಲ್ಲಿ ವಾರ್ಲಿ ಜನರ ನಡುವೆ ನೆಲೆಸಿದ ಅವರು, ಹೆಣ್ಣುಮಕ್ಕಳು ಶಾಲೆಗೆ ಬಾರದಿರುವುದಕ್ಕೆ ಕಂಕುಳಲ್ಲಿನ ತಮ್ಮ ತಂಗಿಯರೂ ಕಾರಣವೆಂದು ಅರಿತು, ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿದರು. ಅಕ್ಕ ಕೂಸನ್ನು ತಂದು ಒಂದು ಕೋಣೆಯಲ್ಲಿ ಬಿಟ್ಟು ಪಕ್ಕದ ಕೋಣೆಯಲ್ಲಿ ಓದಬಹುದಾಗಿತ್ತು.

ನಮ್ಮ ಮನೆಗಳಲ್ಲಿ ಅಕ್ಕನೇ ಶಿಶುಗೃಹ. ತಮ್ಮನನ್ನು ಎತ್ತಿ ಆಡಿಸುವುದು ಪ್ರೀತಿಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಅದರಿಂದ ಆಕೆ ತಾಳ್ಮೆ ಕಲಿಯುತ್ತಾಳೆಂಬುದೂ ನಿಜ. ಆದರೆ ಅದು ದಾಸೋಹವಾಗಬೇಕಾದರೆ ಕೊಡುವವಳ ಒಪ್ಪಿಗೆ ಇರಬೇಕು. ಒಪ್ಪಿಗೆಯಿಲ್ಲದೆ ಕಸಿದುಕೊಂಡುದಕ್ಕೆ ಬೇರೆ ಹೆಸರಿದೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದ ನೀತಿಶಾಸ್ತ್ರದ ಗ್ರಂಥದಲ್ಲಿ, ಯಾವ ವ್ಯಕ್ತಿಯನ್ನೂ ಬರಿಯ ಸಾಧನವಾಗಿ ಬಳಸಲಾಗದೆಂಬ ತತ್ತ್ವವನ್ನು ಪ್ರತಿಪಾದಿಸಿದ್ದಾನೆ. ವಿಶ್ವವಿದ್ಯಾನಿಲಯದಲ್ಲಿ ಅದನ್ನು ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ನಾವೇ, ಒಬ್ಬ ಹನ್ನೆರಡು ವರ್ಷದ ಹುಡುಗಿಯನ್ನು ಅವಳ ತಮ್ಮನ ಮಗ್ಗಿಗೆ ಸಾಧನವಾಗಿಸಿ ಬಂದೆವು. ಆ ಮನೆಯಲ್ಲಿ ಅಂದು ಗಟ್ಟಿಮುಟ್ಟಾದ ಅಜ್ಜನಿದ್ದ. ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ. ತಂದೆ ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದ. ಒಂದರ್ಧ ಗಂಟೆ ಇವರಲ್ಲೊಬ್ಬರು ಕೂಸನ್ನು ಹೆಗಲಿಗೇರಿಸಿ ಕೊಟ್ಟಿಗೆಯ ದನ ತೋರಿಸಬಹುದಿತ್ತು. ನಾಲ್ಕನೆಯ ತರಗತಿಯ ಹುಡುಗನೂ ತನ್ನ ಸರದಿಯಲ್ಲಿ ಎತ್ತಿಕೊಳ್ಳಬಹುದಿತ್ತು. ಅವರಾರೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಹೆಣ್ಣುಹುಡುಗಿ ಮಾತ್ರ ಬಿದ್ದಳು.

ಈಚೆಗೆ ಅಕ್ಕನನ್ನು ಬಿಡಿಸಿ ಮೊಬೈಲನ್ನು ಕೂರಿಸುವ ಮನೆಗಳು ಹೆಚ್ಚಿವೆ. ಒಂದು ವರ್ಷದ ಮಗುವಿಗೆ ಪರದೆ ಸಲ್ಲದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಏಮಾರಿಸುವ ಸಾಧನಗಳಲ್ಲಿ ಇಷ್ಟು ಸಮರ್ಥವಾದುದು ಹಿಂದೆ ಇರಲಿಲ್ಲ. ಆದರೆ ಒಲೆ, ಕೊಟ್ಟಿಗೆ, ಎರಡು ಪಾಠ, ಒಂದು ಕೂಸು ಇವೆಲ್ಲವೂ ಒಬ್ಬಳ ತಲೆಯ ಮೇಲೆ ಬಿದ್ದಾಗ ಹತ್ತು ನಿಮಿಷ ಅದನ್ನು ಕೈಗೆ ಕೊಟ್ಟ ತಾಯಿಯನ್ನು ದೂಷಿಸುವ ಅಧಿಕಾರ, ಕೂಸನ್ನು ಎತ್ತಿಕೊಳ್ಳದ ಗಂಡಸರಿಗೆ ಇಲ್ಲ.

ಕಳೆದ ಶ್ರಾವಣದಲ್ಲಿ ಆ ಹುಡುಗಿ ಮಠಕ್ಕೆ ಬಂದಿದ್ದಳು. ಈಗ ಕಾಲೇಜಿನ ವಿದ್ಯಾರ್ಥಿನಿ. ಅಂದು ನಾವು ಹೇಳಿದುದು ತಪ್ಪು, ಮಗಳೇ, ಎಂದೆವು. ಆಕೆಗೆ ಸಂಕೋಚವಾಯಿತು. “ಅಯ್ಯೋ ಬುದ್ಧಿ, ನೀವು ಹಾಗನ್ನಬಾರ್ದು. ತಮ್ಮ ಈಗ ಶಾಲೆಗೆ ಹೋಗ್ತಾನೆ, ಎಲ್ಲಾ ಪದ್ಯಾನೂ ಹೇಳ್ತಾನೆ. ನಾನು ಎತ್ಕೊಂಡು ತಿರುಗ್ತಾ ಹೇಳ್ತಿದ್ದನ್ನ ಕೇಳೇ ಕಲ್ತಿದ್ದು” ಎಂದು ನಕ್ಕಳು. ಯಾವ ವಿಷಯ ತೆಗೆದುಕೊಂಡಿರುವೆ ಎಂದು ಕೇಳಿದೆವು. ಕಲಾ ವಿಭಾಗವೆಂದಳು; ಅದರಲ್ಲಿ ಗಣಿತ ಇಲ್ಲ ಬುದ್ಧಿ, ಅದಕ್ಕೇ, ಎಂದಳು.