ಮುಡಿ ಇಳಿದ ಮೇಲೆ

ಕೊಡಗಿನ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಹಿರಿಯರ ಗುಡಿಯಾದ ಕೈಮಡದೆದುರು ರಾತ್ರಿ ತೆರೆ ಎಂಬ ದೈವದ ವೇಷ ಕಟ್ಟುತ್ತಾರೆ. ಮುಖಕ್ಕೆ ಬಣ್ಣ, ತಲೆಗೆ ಮುಡಿ. ಚೆಂಡೆ ಏರಿದಂತೆ ಕಟ್ಟಿದವನ ಮೈ ನಡುಗುತ್ತದೆ. ಆಮೇಲೆ ಮಾತಾಡುವುದು ಅವನಲ್ಲ, ಮನೆತನದ ಮೂಲಪುರುಷ, ‘ಕಾರಣ’. ವಯಸ್ಸಾದವರೂ ಕೈಮುಗಿದು ಉತ್ತರ ಕೊಡುತ್ತಾರೆ. ಎಲ್ಲ ಮುಗಿದು ಮುಡಿ ಇಳಿದ ಮೇಲೆ ಅವನು ಮುಖ ತೊಳೆದು ಎಲ್ಲರಂತೆ ಕಾಫಿ ಕುಡಿಯುತ್ತಾನೆ. 1952ರಲ್ಲಿ ಕೊಡವರ ಧರ್ಮ, ಸಮಾಜದ ಬಗ್ಗೆ ಪುಸ್ತಕ ಹೊರತಂದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಈ ಹಿರಿಯರ ಆರಾಧನೆಯನ್ನು ಗಂಭೀರವಾಗಿಯೇ ತೆಗೆದುಕೊಂಡಿದ್ದರು.

ಇನ್ನೊಂದು ಮನೆಯಲ್ಲಿ, ಚೆಂಡೆಯಿಲ್ಲ, ಕರೆದವರಿಲ್ಲ, ಅಡುಗೆಮನೆಯಲ್ಲೇ ಸೊಸೆಯ ಮೈಮೇಲೆ ದೈವ ಬರುತ್ತದೆ. ದನಿ ಬದಲಾಗುತ್ತದೆ, ಎಚ್ಚರವಾದಾಗ ನಡೆದದ್ದು ನೆನಪಿರುವುದಿಲ್ಲ. ಸೊಸೆಯಾಗಿ ಹೇಳಲಾಗದ್ದನ್ನು ದೈವವಾಗಿ ಹೇಳಿದರೆ ಅತ್ತೆ-ಮಾವ ಕೇಳುತ್ತಾರೆ ಎನ್ನುವುದೂ ಸುಳ್ಳಲ್ಲ. ಹಾಗೆಂದು ಅದು ನಾಟಕವಲ್ಲ.

ಇವೆರಡೂ ಒಂದೇನಾ?

2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಮೈಮೇಲೆ ಬರುವುದನ್ನು ಡಿಸೋಸಿಯೇಟಿವ್ ಕಾಯಿಲೆಗಳ ಸಾಲಿನಲ್ಲಿ ಪ್ರತ್ಯೇಕವಾಗಿ ಇಟ್ಟಿದೆ. ಆದರೆ ಕಾಯಿಲೆ ಎನ್ನಲು ಅದು ತಾನಾಗಿ, ಬೇಡದೆ ಬರಬೇಕು, ಬದುಕನ್ನು ಕೆಡಿಸಬೇಕು, ಜನ ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿರಬಾರದು. ಅಂದರೆ ತೆರೆ ಕಾಯಿಲೆಯಲ್ಲ. ಬಂದದ್ದು ನಿಜವಾಗಿ ದೈವವೇ ಎಂಬ ಪ್ರಶ್ನೆಗೆ ಆ ಪಟ್ಟಿ ಬಾಯಿ ಹಾಕುವುದಿಲ್ಲ, ಅದು ಜಾಣತನವೇ.

ನೆನಪು, ಮೈ, ‘ನಾನು’ ಎಂಬ ಭಾವ ಸಾಮಾನ್ಯವಾಗಿ ಒಟ್ಟಿಗಿರುತ್ತವೆ. ಈ ಹೆಣಿಗೆ ಬಿಚ್ಚಿಕೊಳ್ಳುವುದೇ ಡಿಸೋಸಿಯೇಶನ್. ತಡೆಯಲಾಗದ ನೋವಿನಲ್ಲಿ ಹೀಗಾಗುತ್ತದೆ ಎಂದು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯೇರ್ ಜಾನೆ 1889ರಲ್ಲೇ ಬರೆದ. ಬಾಲ್ಯದ ದೌರ್ಜನ್ಯ, ಮನೆಯ ಹಿಂಸೆ ಇದರ ಹಿಂದೆ ಎಷ್ಟೋ ಸಲ ಸಿಗುತ್ತವೆ.

ಮೈಮೇಲೆ ಬಂದದ್ದನ್ನು ಬಿಡಿಸಲೆಂದು ಕೊಡುವ ಮೆಣಸಿನ ಹೊಗೆ, ಬೆತ್ತದ ಏಟು ಆ ನೋವಿಗೆ ಇನ್ನಷ್ಟು ಸೇರಿಸುತ್ತವೆ, ಅಷ್ಟೆ. ವೈದ್ಯರು ಮೊದಲು ಇದು ಮೂರ್ಛೆರೋಗವೇ ಎಂದು ನೋಡುತ್ತಾರೆ, ಬೇಕಾದರೆ ಮಿದುಳಿನ ಇಇಜಿ ಪರೀಕ್ಷೆ ಮಾಡಿಸುತ್ತಾರೆ. ಮೈಮೇಲೆ ಬರುವುದಕ್ಕೆಂದೇ ಗುಳಿಗೆಯಿಲ್ಲ, ಜತೆಗಿರುವ ಖಿನ್ನತೆಗೆ, ಆತಂಕಕ್ಕೆ ಇದೆ. ಮುಖ್ಯ ಚಿಕಿತ್ಸೆ ಮಾತು. ಮನಸ್ಸು ಜಾರುತ್ತಿದೆ ಅನಿಸಿದಾಗ ಕಾಲನ್ನು ನೆಲಕ್ಕೆ ಒತ್ತಿ, ಎದುರಿನ ಐದು ವಸ್ತುಗಳ ಹೆಸರು ಹೇಳುವುದನ್ನು ಕಲಿಸುತ್ತಾರೆ. ಹಳೆಯ ಗಾಯಕ್ಕೆ ಕೈಹಾಕುವುದು ಆಕೆಗೆ ಭದ್ರತೆ ಸಿಕ್ಕ ಮೇಲೆ. ಮನೆಯಲ್ಲಿ ಹೊಡೆತ ನಿಲ್ಲದೆ ಆಸ್ಪತ್ರೆಯ ಮಾತಿನಿಂದ ಎಷ್ಟು ಪ್ರಯೋಜನ?

ದೇವರಿಗೆ ಹರಕೆ ಹೊತ್ತವರು ಅದನ್ನು ತೀರಿಸಲಿ, ಯಾರೂ ಬೇಡವೆನ್ನುವುದಿಲ್ಲ. ಜತೆಗೆ ಮನೋವೈದ್ಯರನ್ನೂ ಕಾಣಲಿ. ದೂರವೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ: 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.