ಮಾರ್ಚ್ 31 ಮತ್ತು ಮಕ್ಕಳ ವಯಸ್ಸು

ಸರ್ಕಾರಿ ಕಡತದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆಂದು ಗುಮಾಸ್ತರಾದ ನಾವು ಬಲ್ಲೆವು. ಮಕ್ಕಳ ಬೆಳವಣಿಗೆಗೆ ಅಂಥ ಗಡುವಿಲ್ಲ.

2016ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದಲ್ಲಿ ಮೈಸೂರು, ಕೋಲ್ಕತ್ತ, ಚಂಡೀಗಢ, ಇಂಫಾಲ ಮುಂತಾದೆಡೆಯ ಏಳು ಕೇಂದ್ರಗಳ ತಜ್ಞರು ಒಂದಾಗಿ, 6ರಿಂದ 23 ವರ್ಷದ ಸಾವಿರಾರು ಮಂದಿಯಲ್ಲಿ ದುಶ್ಚಟ, ಮನೋವ್ಯಾಧಿಗಳ ಬೇರು ಹುಡುಕಹೊರಟರು. ಭಾರತ, ಬ್ರಿಟನ್ನುಗಳ ವೈದ್ಯಕೀಯ ಸಂಶೋಧನಾ ಮಂಡಳಿಗಳು ಹಣ ಒದಗಿಸಿದವು.

ಇರುವ ರೋಗಿಗಳಿಗೇ ಹಾಸಿಗೆ ಸಾಲದಿರುವಾಗ ಇದೇಕೆ ಎನ್ನುವವರ ಮಾತು ಅನ್ಯಾಯದ್ದಲ್ಲ. ಆದರೆ ಆರರಲ್ಲಿ ಕಂಡ ಮಗುವನ್ನು ಇಪ್ಪತ್ತರಲ್ಲೂ ಕಾಣದೆ, ಅದು ಎಡವಿದ್ದೆಲ್ಲಿ ಎಂದು ತಿಳಿಯುವುದೆಂತು? ಇಂಥ ಕೆಲಸಕ್ಕೆ ನಡುವೆ ಅನುದಾನ ನಿಂತರೆ ಹಣವಷ್ಟೇ ಪೋಲಾಗದು; ನಂಬಿ ರಕ್ತ ಕೊಟ್ಟು, ಮನೆಯ ಗುಟ್ಟು ಹೇಳಿದವರಿಗೆ ಇತ್ತ ಮಾತೂ ತಪ್ಪುತ್ತದೆ.

ತೆಂಗಿನ ಸಸಿಗೆ ಒಂದೇ ವರ್ಷ ನೀರೆರೆದು ಕಾಯಿ ಬೇಡುವವರು ನಾವಾಗಬಾರದು.