ಆಮೇಲಿನ ಬುದ್ಧಿಮಾತು

ಪರೀಕ್ಷೆಯ ಫಲಿತಾಂಶದ ದಿನ ಪಾಸಾದವರನ್ನು ಯಾರೂ ಕಾರಣ ಕೇಳುವುದಿಲ್ಲ. ಫೇಲಾದ ಹುಡುಗಿಗೆ ಮಾತ್ರ ಬೀದಿಯಲ್ಲಿ ಸಿಕ್ಕವರೆಲ್ಲ ಕಾರಣ ಹೇಳುತ್ತಾರೆ. "ಟಿ.ವಿ. ಮುಂದೇನೇ ಕೂತಿರ್ತಿದ್ಲು", "ಬೆಳಿಗ್ಗೆ ಎದ್ದು ಓದ್ತಾನೇ ಇರಲಿಲ್ಲ", "ನಾನಾಗ್ಲೇ ಹೇಳಿದ್ದೆ". ಹೊಳೆನರಸೀಪುರದಲ್ಲಿ ಮೇಷ್ಟರ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಥ ಮಾತುಗಳನ್ನು ಆಡಿದವಳೇ. ಅಳುತ್ತಿರುವ ಹುಡುಗಿಯ ಮುಂದೆ ಈ ಮಾತು ಯಾವ ಉಪಯೋಗಕ್ಕೂ ಬಾರದೆಂದು ತಿಳಿಯಲು ಕೆಲವು ವರ್ಷಗಳೇ ಬೇಕಾದವು. ಆಮೇಲೆ ಆ ಚಾಳಿ ಬಿಟ್ಟೆ. ಬಿಟ್ಟಿದ್ದೇನೆ ಎಂದುಕೊಂಡಿದ್ದೆ, ಎನ್ನುವುದು ಹೆಚ್ಚು ಸರಿ.

ನನ್ನ ಚಿಕ್ಕಪ್ಪನ ಮಗಳು ಚನ್ನರಾಯಪಟ್ಟಣದಲ್ಲಿದ್ದಾಳೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅರಕಲಗೂಡಿನ ಕಡೆಯ ನಮ್ಮ ತವರಿನಲ್ಲಿ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಪ್ರದಕ್ಷಿಣೆ ಬಂದದ್ದಾಯಿತು, ಹಾಸನದಲ್ಲಿ ಔಷಧಿ ಮಾಡಿಸಿದ್ದಾಯಿತು. ಕೊನೆಗೆ 2018ರಲ್ಲಿ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಐ.ವಿ.ಎಫ್. ಚಿಕಿತ್ಸೆಗೆ ಹೆಸರು ಬರೆಸಿದಳು. ಮೊದಲೆಲ್ಲ ನಾವು ಪ್ರನಾಳ ಶಿಶು ಎನ್ನುತ್ತಿದ್ದೆವಲ್ಲ, ಅದೇ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ಹೋಗುವ ರೈಲು ಅದರ ಹಿಂದಿನ ವರ್ಷವಷ್ಟೇ ಶುರುವಾಗಿತ್ತು. ಆ ರೈಲಿನಲ್ಲಿ ಅವಳು ಎಷ್ಟು ಸಲ ಓಡಾಡಿದಳೋ ಲೆಕ್ಕವಿಲ್ಲ.

ಅವಳಿಗೆ ಪಿ.ಸಿ.ಓ.ಡಿ. ತೊಂದರೆಯಿತ್ತು. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೂ ಮುಟ್ಟು ಕ್ರಮಕ್ಕೆ ಬಂದು ಅಂಡ ಬಿಡುಗಡೆಯಾಗಲು ಸಹಾಯವಾಗುತ್ತದೆಂದು ಡಾಕ್ಟರು ಹೇಳಿದ್ದರು. ಅದನ್ನು ಅವಳು ವ್ರತದಂತೆ ಹಿಡಿದಳು. ಬೆಳಗಿನ ಜಾವ ಅಮಾನಿಕೆರೆಯ ಕಡೆ ನಡೆದಳು. ಆರು ತಿಂಗಳಲ್ಲಿ ಎಪ್ಪತ್ತಾರು ಕಿಲೋದಿಂದ ಅರವತ್ತೊಂಬತ್ತಕ್ಕೆ ಬಂದಳು. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತಿದ್ದವಳು ಒಂದೇ ಒಂದು ಸಣ್ಣ ಲೋಟಕ್ಕೆ ಇಳಿಸಿದಳು. ಹಾಸನ ಜಿಲ್ಲೆಯ ಹೆಂಗಸಿಗೆ ಇದು ಎಂಥ ತಪಸ್ಸೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಗರ್ಭ ನಿಂತರೆ ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯಲೆಂದು ಕೊಡುವ ಫೋಲಿಕ್ ಆಸಿಡ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಭ್ರೂಣವನ್ನು ಗರ್ಭಕೋಶದಲ್ಲಿಟ್ಟು ಎರಡು ವಾರಕ್ಕೆ ರಕ್ತಪರೀಕ್ಷೆಯಾಯಿತು. ಗರ್ಭ ನಿಂತಿರಲಿಲ್ಲ.

ಸುದ್ದಿ ತಿಳಿದು ನಾವು ನಾಲ್ಕಾರು ಹೆಂಗಸರು ಅವಳ ಮನೆಯಲ್ಲಿ ಸೇರಿದೆವು. ಒಬ್ಬರು ಪರಂಗಿಹಣ್ಣು ತಿಂದಿರಬೇಕು ಎಂದರು. ಇನ್ನೊಬ್ಬರು, "ಸದಾ ಅದನ್ನೇ ಯೋಚನೆ ಮಾಡ್ತಿದ್ರೆ ಎಲ್ಲಿ ನಿಲ್ಲುತ್ತೆ?" ಎಂದರು. ನಾನು ಬಿ.ಎ., ಬಿ.ಎಡ್. ಓದಿದವಳು, ಪರಂಗಿಹಣ್ಣಿನ ಮಾತಿಗೆ ಮನಸ್ಸಿನಲ್ಲೇ ನಕ್ಕೆ. ನಕ್ಕು, ಬಹಳ ತಿಳಿದವಳಂತೆ, "ನೀನು ಮೂರನೇ ದಿನಕ್ಕೇ ಕೆಲಸಕ್ಕೆ ಹೋಗಬಾರದಿತ್ತು ಕಣೆ. ಹದಿನೈದು ದಿನ ಮಲಗಿಕೊಂಡಿದ್ದಿದ್ರೆ ಆಗ್ತಿತ್ತೋ ಏನೋ" ಎಂದೆ.

ಅವಳು ಅಳಲಿಲ್ಲ. "ಅಕ್ಕಾ, ಫೇಲಾದ ಹುಡುಗೀರಿಗೂ ನೀನು ಹೀಗೇ ಹೇಳ್ತೀಯಾ?" ಎಂದು ಕೇಳಿ ಒಳಗೆ ಹೋದಳು.

ಅಂದು ಹಾಸನಕ್ಕೆ ಬಸ್ಸಿನಲ್ಲಿ ಹಿಂದಿರುಗುವಾಗ ದಾರಿ ಮುಗಿಯಲೇ ಇಲ್ಲ ಅನ್ನಿಸಿತು. ಮರುವರ್ಷ ಅವಳು ಎರಡನೆಯ ಸಲ ಚಿಕಿತ್ಸೆಗೆ ಹೋದಾಗ, ಪ್ರಾಯಶ್ಚಿತ್ತವೆಂದೋ ಏನೋ, ರಜೆ ಹಾಕಿ ನಾನೂ ಜೊತೆಗೆ ಹೋದೆ. ಮೊದಲು ಕೇಳಿದ ಪ್ರಶ್ನೆಯೇ ಮಲಗುವುದರ ಬಗ್ಗೆ. ಡಾಕ್ಟರಮ್ಮ ನಕ್ಕು, ಮಲಗಿಸಿ ಪರೀಕ್ಷಿಸಿಯೂ ನೋಡಿದ್ದಾರೆ, ಅದರಿಂದ ಲಾಭವೇನೂ ಕಾಣಲಿಲ್ಲ, ಎದ್ದು ಓಡಾಡಲಿ ಎಂದರು. ಯೋಚನೆಯ ವಿಷಯವೂ ಹಾಗೆಯೇ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬಂದಿದೆ. ಹದಿನಾಲ್ಕು ಅಧ್ಯಯನಗಳನ್ನು, ಅಂದರೆ ಮೂರೂವರೆ ಸಾವಿರಕ್ಕೂ ಹೆಚ್ಚು ಹೆಂಗಸರ ವಿವರವನ್ನು, ಒಟ್ಟಿಗೆ ಇಟ್ಟು ನೋಡಿದವರು, ಚಿಕಿತ್ಸೆಗೆ ಮುಂಚಿನ ಚಿಂತೆ ದುಗುಡಗಳಿಂದ ಗರ್ಭ ನಿಲ್ಲುವ ಸಂಭವ ಕಡಿಮೆಯಾಗುವುದಿಲ್ಲ ಎಂದು ತಿಳಿಸಿದ್ದಾರೆ. ಅಂದರೆ ಪರಂಗಿಹಣ್ಣಿನವರಿಗೂ ನನಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಅವರ ಮೂಢನಂಬಿಕೆ ಹಳೆಯದು, ನನ್ನದು ಸ್ವಲ್ಪ ಹೊಸದು, ಅಷ್ಟೆ.

ಹಾಗಾದರೆ ಅಭ್ಯಾಸಗಳಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಅದನ್ನು ಮುಚ್ಚಿಡುವುದೂ ತಪ್ಪೇ. ಬೀಡಿ ಸಿಗರೇಟಿನ ಹೊಗೆ ಅಂಡಗಳನ್ನು ಕೆಡಿಸುತ್ತದೆ, ಮುಟ್ಟು ನಿಲ್ಲುವ ಕಾಲವನ್ನು ಹತ್ತಿರ ತರುತ್ತದೆ, ಚಿಕಿತ್ಸೆ ಫಲಿಸುವುದನ್ನು ಕಡಿಮೆ ಮಾಡುತ್ತದೆ. ಬಹಳ ಹೆಚ್ಚಿನ ತೂಕವೂ ತೊಂದರೆ, ಬಹಳ ಕಡಿಮೆ ತೂಕವೂ ತೊಂದರೆ. ಮದ್ಯ ಬೇಡ, ಕಾಫಿ ಮಿತಿಯಲ್ಲಿರಲಿ. ಇವೆಲ್ಲ ನಿಜ. ಆದರೆ ಇವೆಲ್ಲಕ್ಕಿಂತ ದೊಡ್ಡದು ವಯಸ್ಸು. ಹೆಣ್ಣು ತನ್ನ ಪಾಲಿನ ಅಂಡಗಳನ್ನೆಲ್ಲ ಹುಟ್ಟುವಾಗಲೇ ತಂದಿರುತ್ತಾಳೆ. ಮೂವತ್ತೈದರ ನಂತರ ಅವುಗಳ ಸಂಖ್ಯೆಯೂ ಗುಣವೂ ಬೇಗಬೇಗ ಇಳಿಯುತ್ತವೆ. ಎಷ್ಟು ನಡೆದರೂ ಆ ವರ್ಷಗಳು ಹಿಂದಕ್ಕೆ ಬರುವುದಿಲ್ಲ.

ಒಳ್ಳೆಯ ಅಭ್ಯಾಸ ಸಂಭವವನ್ನು ಹೆಚ್ಚಿಸೀತು, ಫಲವನ್ನು ಖಾತ್ರಿ ಮಾಡದು. ನಾವು ಎಡವುವುದು ಇಲ್ಲಿಯೇ. ಕಾರಣಗಳಲ್ಲಿ ಇದೂ ಒಂದು ಎಂದು ವೈದ್ಯಶಾಸ್ತ್ರ ಹೇಳಿದರೆ, ನಮ್ಮ ಕಿವಿಗೆ ಅದು ತಪ್ಪು ಇವಳದೇ ಎಂದು ಕೇಳಿಸುತ್ತದೆ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿ 1969ರಿಂದ 1978ರವರೆಗೆ ಆ ಪ್ರಯೋಗಕ್ಕೆ ಮೈಯೊಡ್ಡಿದ ಹೆಂಗಸರು 282 ಮಂದಿ. ಅವರಲ್ಲಿ ಜೀವಂತ ಮಗುವನ್ನು ಪಡೆದವರು ಇಬ್ಬರೇ. ಉಳಿದ 280 ಮಂದಿ ಶಿಸ್ತಿಲ್ಲದವರೇ? ಕಾಫಿ ಬಿಡದವರೇ? ಅವರಿಲ್ಲದೆ ಆ ಇಬ್ಬರು ತಾಯಂದಿರೂ ಇರುತ್ತಿರಲಿಲ್ಲ.

ಅಭ್ಯಾಸವೆಂಬುದಾದರೂ ಪೂರ್ತಿ ನಮ್ಮ ಕೈಯಲ್ಲಿದೆಯೇ? ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯೇ ಇದೆ. ನಮ್ಮ ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಕಡ್ಡಿಪುಡಿ ಸದಾ ಇರುತ್ತಿತ್ತು. ಕೂಲಿಗೆ ಹೋಗುವ ಹೆಂಗಸರು ಹಸಿವು ಮರೆಯಲೆಂದು ಅದನ್ನು ಬಾಯಿಗಿಟ್ಟುಕೊಳ್ಳುತ್ತಿದ್ದರು. ಅದು ಕೆಟ್ಟ ಚಟವೆನ್ನುವುದು ಸುಲಭ. ಆ ಹಸಿವಿನ ಮಾತೆತ್ತುವವರು ಕಡಿಮೆ. ಪಟ್ಟಣದ ನಮ್ಮ ಕಥೆಯೂ ಬೇರೆಯಲ್ಲ. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ರಾತ್ರಿ ಹತ್ತಕ್ಕೆ ತಿಂದು ಮಲಗುವವಳಿಗೆ ಹೊತ್ತಿಗೆ ಸರಿಯಾಗಿ ಉಣ್ಣು ಎನ್ನುತ್ತೇವೆ. ಅವಳು ಬೆಳಗಿನ ಜಾವ ವಾಕಿಂಗಿಗೆ ಹೊರಟರೆ, "ತಿಂಡಿ ಯಾರು ಮಾಡ್ತಾರೆ?" ಎನ್ನುವವರೂ ನಾವೇ.

ಇನ್ನೊಂದು ಮಾತು. ನನ್ನ ತಂಗಿಯ ಗಂಡ ದಿನಕ್ಕೆ ಐದಾರು ಸಿಗರೇಟು ಸೇದುತ್ತಿದ್ದ. ಚಿಕಿತ್ಸೆಗೆ ಒಂದು ವಾರವಿದೆ ಎನ್ನುವಾಗ ಬಿಟ್ಟ. ಗಂಡಸಿನ ವೀರ್ಯಾಣು ಉತ್ಪತ್ತಿಯಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಬಿಡುವುದಾದರೆ ಕನಿಷ್ಠ ಮೂರು ತಿಂಗಳು ಮೊದಲೇ ಬಿಡಬೇಕಿತ್ತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಆದರೂ ಅಂದು ಸೇರಿದ್ದ ನಾವು ಹೆಂಗಸರಲ್ಲಿ ಒಬ್ಬರಾದರೂ ಅವನನ್ನು "ನೀನೇನು ಮಾಡಿದೆಯಪ್ಪಾ?" ಎಂದು ಕೇಳಲಿಲ್ಲ. ಕಾಫಿ ಕೊಟ್ಟು, "ಪಾಪ, ಎಷ್ಟು ನೊಂದಿದಾನೆ" ಎಂದೆವು. ಅವನು ನೊಂದಿದ್ದ, ಸುಳ್ಳಲ್ಲ. ಆದರೆ ಆಪಾದನೆ ಒಬ್ಬಳಿಗೆ, ಮರುಕ ಒಬ್ಬನಿಗೆ ಎಂದು ಹಂಚಿದವರು ನಾವು.

ಹಾಗೆಂದು ಸುಮ್ಮನಿರಬೇಕೇ? ಗೊತ್ತಿದ್ದೂ ಹೇಳದಿರುವುದು ಶಿಕ್ಷಕಿಗೆ ತರವಲ್ಲ. ಬಹಳ ಯೋಚಿಸಿದ ಮೇಲೆ ನನಗೆ ತೋಚಿದ್ದಿಷ್ಟು: ಮುಂಚೆ ಹೇಳಿದರೆ ಅದು ಬುದ್ಧಿಮಾತು, ಆಮೇಲೆ ಹೇಳಿದರೆ ಅದೇ ಆಪಾದನೆ. ಜೂನ್ ತಿಂಗಳಲ್ಲಿ ಹುಡುಗಿಗೆ ಓದುವ ಕ್ರಮ ಹೇಳಿಕೊಡುವುದು ನನ್ನ ಕೆಲಸ. ಫಲಿತಾಂಶದ ದಿನ ಅದನ್ನೇ ಎತ್ತಿ ಆಡಿದರೆ ನಾನು ಅವಳ ಟೀಚರಲ್ಲ, ಬೀದಿಯವಳು. ಮತ್ತೆ ಪರೀಕ್ಷೆ ಕಟ್ಟುತ್ತೇನೆಂದು ಅವಳೇ ಬಂದು ಕೇಳಿದರೆ, ಆಗ ಪುನಃ ಹೇಳಬಹುದು. ಈ ಚಿಕಿತ್ಸೆಯ ಬಗ್ಗೆ 2021ರಲ್ಲಿ ಬಂದ ಕೇಂದ್ರದ ಕಾಯಿದೆಯೂ ಫಲಿಸುವ ಸಂಭವವೆಷ್ಟು, ಖರ್ಚೆಷ್ಟು, ಅಪಾಯವೇನು ಎಂಬುದನ್ನು ದಂಪತಿಗಳಿಗೆ ಆಸ್ಪತ್ರೆಯವರು ತಿಳಿಸಿ ಹೇಳಬೇಕು ಎನ್ನುತ್ತದೆ. ಹೇಳಬೇಕಾದ್ದು ಇಬ್ಬರಿಗೂ, ಹೇಳಬೇಕಾದ್ದು ಮೊದಲೇ.

ಆಪಾದನೆಯಿಂದ ನಮಗೊಂದು ಲಾಭವಿದೆ, ಅದಕ್ಕೇ ಅದನ್ನು ಬಿಡುವುದು ಕಷ್ಟ. ಅವಳು ಹೀಗೆ ಮಾಡಿದ್ದರಿಂದ ಹಾಗಾಯಿತು ಎಂದುಕೊಂಡರೆ, ನಾವು ಹಾಗೆ ಮಾಡಲಿಲ್ಲ, ನಮಗೆ ಆಗಲಾರದು ಎಂಬ ಧೈರ್ಯ ಬರುತ್ತದೆ. ನನಗೆ ಇಬ್ಬರು ಮಕ್ಕಳು. ಅವರು ಹುಟ್ಟುವಾಗ ನಾನು ಯಾವ ಪಥ್ಯ ಮಾಡಿದ್ದೆ? ಏನೂ ಇಲ್ಲ. ನನಗೆ ಸಿಕ್ಕಿದ್ದು ನನ್ನ ಯೋಗ್ಯತೆಯಿಂದಲ್ಲ ಎಂದು ಒಪ್ಪಿಕೊಂಡ ದಿನ, ಅವಳಿಗೆ ಸಿಗದಿದ್ದದ್ದು ಅವಳ ತಪ್ಪಿನಿಂದಲ್ಲ ಎಂಬುದನ್ನು ಒಪ್ಪಿಕೊಳ್ಳಲು ಕಷ್ಟವಾಗಲಿಲ್ಲ.

ಎರಡನೆಯ ಸಲವೂ ನಿಲ್ಲಲಿಲ್ಲ. ಆ ಸಂಜೆ ನಾನು ಅವಳ ಅಡುಗೆಮನೆಗೆ ಹೋಗಿ ಡಿಕಾಕ್ಷನ್ ಇಳಿಸಿ, ದೊಡ್ಡ ಲೋಟದಲ್ಲೇ ಕಾಫಿ ಮಾಡಿ ತಂದು ಪಕ್ಕದಲ್ಲಿ ಕೂತೆ. ಏನೂ ಹೇಳಲಿಲ್ಲ. ಅವಳು ಪೂರ್ತಿ ಕುಡಿದಳು. ಗಂಡಹೆಂಡಿರು ಮಾತಾಡಿಕೊಂಡು ಚಿಕಿತ್ಸೆಯನ್ನು ಅಲ್ಲಿಗೇ ಮುಗಿಸಿದರು.

ಅವಳು ಈಗಲೂ ಅಮಾನಿಕೆರೆಯ ಕಡೆ ನಡೆಯುತ್ತಾಳೆ, ನಾನು ಹೋದಾಗ ನನ್ನನ್ನೂ ಎಬ್ಬಿಸುತ್ತಾಳೆ. ಮೊನ್ನೆ ದಾರಿಯಲ್ಲಿ ಪರಿಚಯದವರೊಬ್ಬರು ನಿಲ್ಲಿಸಿ, "ಇನ್ನೂ ಪ್ರಯತ್ನ ಮಾಡ್ತಾ ಇದೀರಾ?" ಎಂದು ಕೇಳಿದರು. "ಇಲ್ಲ, ನಡೀತಾ ಇದೀವಿ" ಎಂದಳು ನನ್ನ ತಂಗಿ.